ನೋಟದ ವ್ಯಾಸಂಗ: ಡ್ಯೂಸೆಲ್‌ಡಾರ್ಫಿನ ಒಂದು ತರಗತಿ

ಚಿತ್ರಕಲೆಯನ್ನೋ ಶಿಲ್ಪವನ್ನೋ ಕಲಿಯಲು ಕಲಾಶಾಲೆಗೆ ಹೊರಟ ತರುಣನನ್ನು ಲೋಕವು ಸ್ವಲ್ಪ ಸಂದೇಹದಿಂದಲಾದರೂ ಅರ್ಥಮಾಡಿಕೊಳ್ಳುತ್ತದೆ. ಆದರೆ ಛಾಯಾಚಿತ್ರವನ್ನು ಲಲಿತಕಲೆಯೆಂದೇ ಭಾವಿಸಿ, ಅದರ ವ್ಯಾಸಂಗಕ್ಕಾಗಿ ಯೌವನದ ಐದಾರು ವರ್ಷಗಳನ್ನು ಮುಡಿಪಾಗಿಡುತ್ತೇನೆಂದು ಹೇಳುವವನ ಮುಂದೆ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ. ಯಂತ್ರವೇ ಬಿಡಿಸಿಕೊಡುವ ಚಿತ್ರದಲ್ಲಿ ಮನುಷ್ಯನು ಕಲಿಯತಕ್ಕದ್ದು ಏನಿದೆ? ಬೆಳಕನ್ನು ಅಳೆಯುವ ಬಗೆ, ಫಿಲ್ಮನ್ನು ತೊಳೆಯುವ ಬಗೆ, ಕತ್ತಲೆಯ ಕೋಣೆಯಲ್ಲಿ ಕಾಗದದ ಮೇಲೆ ಬಿಂಬವನ್ನು ಮೂಡಿಸುವ ಬಗೆ, ಇವೆಲ್ಲವೂ ಊರಿನ ಒಂದು ಒಳ್ಳೆಯ ಸ್ಟುಡಿಯೋದಲ್ಲಿ ಕೆಲವು ಕಾಲ ಕೆಲಸಕ್ಕೆ ನಿಂತರೆ ಬರತಕ್ಕವೇ ಅಲ್ಲವೆ? ಈ ಪ್ರಶ್ನೆಯನ್ನು ನಾನು ಅವಜ್ಞೆಯ ಮಾತೆಂದು ತಳ್ಳಿಹಾಕಲಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸೌಂದರ್ಯಶಾಸ್ತ್ರದ ಸಿದ್ಧಾಂತಗಳಿಂದ ಉತ್ತರ ಹೇಳುವುದಕ್ಕಿಂತ, ನಿಜವಾಗಿ ನಡೆದ ಒಂದು ತರಗತಿಯ ವೃತ್ತಾಂತವನ್ನು ತಮ್ಮ ಮುಂದಿಡುವುದೇ ಲೇಸೆಂದು ನನಗೆ ತೋರುತ್ತದೆ. ಆ ತರಗತಿ ನಡೆದದ್ದು ಜರ್ಮನಿಯಲ್ಲಿ, ರೈನ್ ನದಿಯ ದಡದ ಡ್ಯೂಸೆಲ್‌ಡಾರ್ಫ್ ನಗರದ ಕಲಾ ಅಕಾಡೆಮಿಯಲ್ಲಿ, 1976ರಿಂದ 1996ರ ವರೆಗೆ. ಪ್ರಾಧ್ಯಾಪಕರ ಹೆಸರು ಬೆರ್ನ್ಡ್ ಬೆಖರ್. ಅವರ ಹೆಸರಿನೊಡನೆ ಕೂಡಿಸಿಯೇ ಹೇಳಬೇಕಾದ ಇನ್ನೊಂದು ಹೆಸರು ಅವರ ಪತ್ನಿ ಹಿಲ್ಲಾ ಬೆಖರ್ ಅವರದು.

ಛಾಯಾಚಿತ್ರವು ಕಲಾಶಾಲೆಯ ಹೊಸ್ತಿಲನ್ನು ದಾಟಿದ್ದು ಬಹುಮಟ್ಟಿಗೆ ಸೇವಕನಾಗಿ. ಬರ್ಲಿನ್ನಿನ ಕುಶಲಕಲೆಗಳ ಶಾಲೆಯಲ್ಲಿ ಸಸ್ಯಗಳ ಆಕೃತಿಯನ್ನು ಆಧರಿಸಿ ರೂಪನಿರ್ಮಾಣವನ್ನು ಬೋಧಿಸುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಉಪಾಧ್ಯಾಯರು ಮೊಗ್ಗು, ಕಾಂಡ, ಜರೀಗಿಡದ ಸುರುಳಿ ಮೊದಲಾದವನ್ನು ಅನೇಕ ಪಾಲು ಹಿಗ್ಗಿಸಿ ತೆಗೆದ ಚಿತ್ರಗಳು ಆ ಶಾಲೆಯಲ್ಲಿ ಪಾಠೋಪಕರಣಗಳಾಗಿದ್ದುವು. ವಿದ್ಯಾರ್ಥಿಗಳು ಅವನ್ನು ನೋಡಿ ಕಬ್ಬಿಣದ ಬೇಲಿಯ ಅಲಂಕಾರವನ್ನೋ ಕಂಬದ ಬೋದಿಗೆಯನ್ನೋ ಕಲ್ಪಿಸಿಕೊಳ್ಳಬೇಕಾಗಿತ್ತು. ಆ ಉಪಕರಣಗಳೇ ಕಲಾಕೃತಿಗಳೆಂದು ಲೋಕಕ್ಕೆ ಹೊಳೆದದ್ದು 1928ರಲ್ಲಿ ಅವು ಪುಸ್ತಕವಾಗಿ ಹೊರಬಂದ ಮೇಲೆ. ಛಾಯಾಚಿತ್ರಕ್ಕೆ ಪ್ರಾಧ್ಯಾಪಕರ ಸ್ಥಾನ ಅದಕ್ಕಿಂತ ಮೊದಲೇ ಒಂದೆಡೆ ದೊರೆತಿತ್ತೆಂಬುದೂ ಸತ್ಯ. 1913ರಲ್ಲಿ ಲೈಪ್ಜಿಗ್ ನಗರದ ಅಕಾಡೆಮಿ ಫ್ರಾಂಕ್ ಯೂಜೀನ್ ಅವರನ್ನು ಆ ಸ್ಥಾನಕ್ಕೆ ನೇಮಿಸಿತು. ಡ್ಯೂಸೆಲ್‌ಡಾರ್ಫಿಗೆ ಸಮೀಪದ ಎಸ್ಸೆನ್ ಪಟ್ಟಣದ ಫೋಕ್‌ವಾಂಗ್ ಶಾಲೆಯಲ್ಲಿ, ವೈದ್ಯವೃತ್ತಿಯಿಂದ ಛಾಯಾಗ್ರಹಣಕ್ಕೆ ಬಂದ ಆಟೋ ಸ್ಟೈನರ್ಟ್ ಅವರು 1959ರಿಂದ ಗಂಭೀರವಾಗಿ ಬೋಧನೆ ನಡೆಸಿದ್ದರು. ಆದರೆ ಡ್ಯೂಸೆಲ್‌ಡಾರ್ಫಿನ ಅಕಾಡೆಮಿಯ ಮಾತು ಬೇರೆ. 1773ರಲ್ಲಿ ಸ್ಥಾಪಿತವಾದ, ಒಂದು ಕಾಲದಲ್ಲಿ ಪಾಲ್ ಕ್ಲೇ ಅವರೂ ಮುಂದೆ ಯೋಸೆಫ್ ಬಾಯ್ಸ್ ಅವರೂ ಬೋಧಿಸಿದ್ದ ಆ ಸಂಸ್ಥೆ ವರ್ಣಚಿತ್ರಕಾರರ ಹಾಗೂ ಶಿಲ್ಪಿಗಳ ಮನೆಯಾಗಿತ್ತು. ಅಂಥ ಮನೆಯೊಳಗೆ ಕ್ಯಾಮೆರಾಕ್ಕೆ ಒಂದು ಕೋಣೆ ದೊರೆತ ಸಂಗತಿಯ ಹಿಂದೆ ಇಬ್ಬರು ಮನುಷ್ಯರ ದೀರ್ಘವಾದ ಪರಿಶ್ರಮವಿದೆ.

ಬೆರ್ನ್ಡ್ ಬೆಖರ್ ಹುಟ್ಟಿದ್ದು 1931ರಲ್ಲಿ, ಕಬ್ಬಿಣದ ಗಣಿಗಳಿಗೂ ಕುಲುಮೆಗಳಿಗೂ ಹೆಸರಾದ ಸೀಗೆನ್ ಪ್ರಾಂತದಲ್ಲಿ. ಅವರು ಓದಿದ್ದು ಚಿತ್ರಕಲೆ ಮತ್ತು ಮುದ್ರಣಾಕ್ಷರ ವಿನ್ಯಾಸ; ಛಾಯಾಗ್ರಹಣವಲ್ಲ. ಬಾಲ್ಯದಿಂದ ಕಂಡಿದ್ದ ಗಣಿಯ ಕಟ್ಟಡಗಳನ್ನು ಅವರು ಪೆನ್ಸಿಲ್ಲಿನಿಂದ ಬರೆಯತೊಡಗಿದಾಗ, ಬರೆದು ಮುಗಿಸುವುದರೊಳಗಾಗಿ ಕಟ್ಟಡವನ್ನೇ ಕೆಡವಿಹಾಕುವ ಪರಿಸ್ಥಿತಿ ಉಂಟಾಯಿತು. ಆ ಪ್ರಾಂತದ ಗಣಿಗಳು ಒಂದೊಂದಾಗಿ ಮುಚ್ಚಿಹೋಗುತ್ತಿದ್ದ ಕಾಲ ಅದು. ಕೈಯ ವೇಗವು ಸಾಲದಾದುದರಿಂದ, ಚಿತ್ರಕ್ಕೆ ನೆರವಾಗಲೆಂದು ಅವರು ಕ್ಯಾಮೆರಾವನ್ನು ಎತ್ತಿಕೊಂಡರು. ಹಿಲ್ಲಾ ಅವರ ದಾರಿ ಇದಕ್ಕೆ ಸಂಪೂರ್ಣವಾಗಿ ಎದುರು. 1934ರಲ್ಲಿ ಪಾಟ್ಸ್‌ಡಾಮಿನಲ್ಲಿ ಹುಟ್ಟಿದ ಅವರು ಅಲ್ಲಿಯೇ ಒಬ್ಬ ಛಾಯಾಗ್ರಾಹಕರ ಬಳಿ ಹಳೆಯ ಪದ್ಧತಿಯಂತೆ ಶಿಷ್ಯವೃತ್ತಿ ಮಾಡಿ, ದೊಡ್ಡ ಕ್ಯಾಮೆರಾದ ಬಳಕೆಯನ್ನೂ ಕತ್ತಲೆಕೋಣೆಯ ಕೆಲಸವನ್ನೂ ಕರಗತ ಮಾಡಿಕೊಂಡವರು. ಪಶ್ಚಿಮ ಜರ್ಮನಿಗೆ ಬಂದು ಡ್ಯೂಸೆಲ್‌ಡಾರ್ಫಿನ ಜಾಹೀರಾತು ಸಂಸ್ಥೆಯೊಂದರಲ್ಲಿ ದುಡಿದು, ಬಳಿಕ ಅಕಾಡೆಮಿಯನ್ನು ಸೇರಿದಾಗ, ಅಲ್ಲಿ ಛಾಯಾಚಿತ್ರದ ಕತ್ತಲೆಕೋಣೆಯನ್ನು ಸಜ್ಜುಗೊಳಿಸಿದವರೂ ಅವರೇ. 1959ರಲ್ಲಿ ಇಬ್ಬರ ಜಂಟಿ ಕೆಲಸ ಮೊದಲಾಯಿತು, 1961ರಲ್ಲಿ ವಿವಾಹವಾಯಿತು. ಸ್ಟುಡಿಯೋದಲ್ಲಿ ಕಲಿಯತಕ್ಕ ವಿದ್ಯೆಗೂ ಕಲಾಶಾಲೆಯಲ್ಲಿ ಕಲಿಯತಕ್ಕ ವಿದ್ಯೆಗೂ ಇರುವ ಸಂಬಂಧವನ್ನು ಅರಿಯಬಯಸುವವರು ಈ ದಾಂಪತ್ಯವನ್ನು ನೋಡಿದರೆ ಸಾಕು. ಆಕೆಯ ಕೈಕಸುಬಿಲ್ಲದೆ ಆತನ ಹಂಬಲವು ಮಸುಕಾದ ಚಿತ್ರಗಳಲ್ಲಿಯೇ ಉಳಿಯುತ್ತಿತ್ತೆಂದು ನಾನು ನಂಬುತ್ತೇನೆ.

ಅವರು ಚಿತ್ರಿಸಿದ ವಸ್ತುಗಳ ಹೆಸರು ಕೇಳಿದರೆ ಲಲಿತಕಲೆಯ ಭಕ್ತರಿಗೆ ನಿರಾಶೆಯಾದೀತು: ನೀರಿನ ಗೋಪುರಗಳು, ನೀರನ್ನು ತಣಿಸುವ ಗೋಪುರಗಳು, ಊದುಕುಲುಮೆಗಳು, ಸುಣ್ಣದ ಗೂಡುಗಳು, ಅನಿಲ ತುಂಬುವ ತೊಟ್ಟಿಗಳು, ಧಾನ್ಯದ ಕಣಜಗಳು, ಕಾರ್ಮಿಕರ ಮರದ ಚೌಕಟ್ಟಿನ ಮನೆಗಳು, ಮತ್ತು ಗಣಿಯ ಬಾವಿಯ ಬಾಯಿಯಲ್ಲಿ ನಿಂತು ಚಕ್ರ ಹಾಗೂ ಹಗ್ಗಗಳಿಂದ ಆಳುಗಳನ್ನೂ ಅದಿರನ್ನೂ ಏರಿಳಿಸುವ ಉಕ್ಕಿನ ಗೋಪುರಗಳು. ಕೋಲಾರದ ಚಿನ್ನದ ಗಣಿಗಳ ಕಡೆ ಓಡಾಡಿದವರು ಈ ಕೊನೆಯ ಯಂತ್ರವನ್ನು ಕಂಡೇ ಇರುತ್ತೀರಿ. ಇವುಗಳನ್ನು ಅವರು ಚಿತ್ರಿಸಿದ ಕ್ರಮವೂ ಅಷ್ಟೇ ನಿಷ್ಠುರವಾದದ್ದು. ಬಿಸಿಲು ಬಿದ್ದರೆ ಒಂದು ಪಾರ್ಶ್ವ ಬೆಳಗಿ ಇನ್ನೊಂದು ಪಾರ್ಶ್ವ ನೆರಳಿನಲ್ಲಿ ಮುಳುಗಿ ವಸ್ತುವಿನ ನಿಜಾಕಾರ ಮರೆಯಾಗುವುದಾದಕಾರಣ, ಆಕಾಶದಲ್ಲಿ ಮೋಡವು ಸಮನಾಗಿ ಕವಿದಿರುವ ದಿನಕ್ಕಾಗಿ ಅವರು ಕಾಯುತ್ತಿದ್ದರು. ನೆಲದ ಮೇಲೆ ನಿಂತು ತಲೆಯೆತ್ತಿ ನೋಡಿದರೆ ಗೋಪುರದ ಗೆರೆಗಳು ಮೇಲಕ್ಕೆ ಹೋದಂತೆ ಒಂದನ್ನೊಂದು ಕೂಡಿಕೊಂಡು ಹಿಂದಕ್ಕೆ ವಾಲಿದಂತೆ ತೋರುವುದರಿಂದ, ಏಣಿಯನ್ನೋ ಅಟ್ಟಣೆಯನ್ನೋ ಎದುರಿನ ದಿಬ್ಬವನ್ನೋ ಹತ್ತಿ, ವಸ್ತುವಿನ ನಡು ಎತ್ತರಕ್ಕೆ ಸಮನಾದ ಸ್ಥಾನವನ್ನು ಹುಡುಕುತ್ತಿದ್ದರು. ಉಳಿದ ಓರೆಯನ್ನು ದೊಡ್ಡ ಕ್ಯಾಮೆರಾದ ಲೆನ್ಸನ್ನು ಮೇಲೆ ಕೆಳಗೆ ಸರಿಸಿ ತಿದ್ದುತ್ತಿದ್ದರು. ಚೌಕಟ್ಟಿನ ನಡುವೆ ವಸ್ತು, ಮನುಷ್ಯರಿಲ್ಲ, ನಾಟಕೀಯವಾದ ಮೇಘಮಾಲೆಯಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಕುಟುಂಬದ ವ್ಯಾನಿನಲ್ಲಿ ಸಾಮಾನು ಹೇರಿಕೊಂಡು ಅವರು ರೂರ್ ಪ್ರಾಂತದಲ್ಲಿಯೂ ಬೆಲ್ಜಿಯಂ, ಫ್ರಾನ್ಸ್, ಇಂಗ್ಲೆಂಡ್, ವೇಲ್ಸ್ ಸೀಮೆಗಳಲ್ಲಿಯೂ ಮುಂದೆ ಅಮೆರಿಕದಲ್ಲಿಯೂ ಸಂಚರಿಸಿ ಈ ಒಂದೇ ಕೆಲಸವನ್ನು ನಾಲ್ಕು ದಶಕಗಳಿಗೂ ಮಿಕ್ಕಿ ಮಾಡಿದರು.

ಹೀಗೆ ತೆಗೆದ ಚಿತ್ರವೊಂದನ್ನು ಬಿಡಿಯಾಗಿ ನೋಡಿದರೆ ಅದು ಇಂಜಿನಿಯರನ ಕಡತಕ್ಕೆ ಸೇರಬೇಕಾದ ದಾಖಲೆಯಂತೆ ಕಾಣುತ್ತದೆ. ಆದರೆ ಅವರು ಒಂದೇ ಜಾತಿಯ ಒಂಬತ್ತು, ಹನ್ನೆರಡು ಅಥವಾ ಹದಿನೈದು ವಸ್ತುಗಳನ್ನು, ಎಲ್ಲವೂ ಒಂದೇ ಗಾತ್ರದಲ್ಲಿ ಕಾಣುವಂತೆ ಪ್ರಿಂಟು ಮಾಡಿ, ಸಾಲು ಸಾಲಾಗಿ ಗೋಡೆಗೆ ಏರಿಸಿದಾಗ ಸಂಭವಿಸುವುದೇ ಬೇರೆ. ನೀರಿನ ಗೋಪುರಗಳ ಸಾಲನ್ನೇ ನೋಡಿ: ಎಲ್ಲವೂ ನೀರು ತುಂಬುವ ತೊಟ್ಟಿಗಳೇ. ಆದರೂ ಒಂದರ ತಲೆ ಉಂಡೆ, ಇನ್ನೊಂದರದು ಶಂಕು. ಒಂದು ತೆಳುವಾದ ಕಾಲುಗಳ ಮೇಲೆ ನಿಂತಿದ್ದರೆ ಮತ್ತೊಂದು ಇಟ್ಟಿಗೆಯ ಕೋಟೆಯ ವೇಷ ಧರಿಸಿದೆ. ಪ್ರಯೋಜನ ಒಂದೇ ಆಗಿದ್ದೂ ರೂಪಗಳು ಇಷ್ಟು ಬಗೆಯಾದುದು ಹೇಗೆಂದು ಕಣ್ಣು ತಾನಾಗಿಯೇ ವಿಚಾರಿಸತೊಡಗುತ್ತದೆ. ಒಂದರ ವಿಶೇಷವನ್ನು ಪಕ್ಕದ್ದು ಎತ್ತಿ ತೋರಿಸುತ್ತದೆ. 1970ರಲ್ಲಿ ಪ್ರಕಟವಾದ ತಮ್ಮ ಗ್ರಂಥಕ್ಕೆ ಅವರು ‘ಅನಾಮಿಕ ಶಿಲ್ಪಗಳು’ ಎಂಬ ಅರ್ಥದ ಹೆಸರಿಟ್ಟರು. ನಮ್ಮ ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ತಾವು ಕಡೆದ ವಿಗ್ರಹದ ಪೀಠದಲ್ಲಿ ಹೆಸರನ್ನು ಕೆತ್ತಿ ಹೋದರು. ಈ ಗೋಪುರಗಳನ್ನು ಕಟ್ಟಿದವರಿಗೆ ತಾವು ಶಿಲ್ಪಿಗಳೆಂಬ ಯೋಚನೆಯೇ ಇರಲಿಲ್ಲ. 1990ರ ವೆನಿಸ್ ಮಹಾಪ್ರದರ್ಶನದಲ್ಲಿ ಬೆಖರ್ ದಂಪತಿಗಳಿಗೆ ಸ್ವರ್ಣಸಿಂಹ ಪ್ರಶಸ್ತಿ ಬಂದದ್ದು ಶಿಲ್ಪಕಲೆಯ ವಿಭಾಗದಲ್ಲಿ. ಒಂದು ಉಳಿಯನ್ನೂ ಮುಟ್ಟದೆ ಶಿಲ್ಪಕ್ಕೆ ಸಂದ ಆ ಗೌರವವು ಛಾಯಾಚಿತ್ರವು ಕಲಾಪ್ರಪಂಚದಲ್ಲಿ ಎಷ್ಟು ದೂರ ನಡೆದು ಬಂದಿತ್ತೆಂಬುದಕ್ಕೆ ಸಾಕ್ಷಿ.

ಇಂಥ ಗುರುವಿನ ಬಳಿಗೆ 1976ರಿಂದ ವಿದ್ಯಾರ್ಥಿಗಳು ಬರತೊಡಗಿದರು. ಆ ಅಕಾಡೆಮಿಯ ಪದ್ಧತಿಯಲ್ಲಿ ವಿದ್ಯಾರ್ಥಿಯು ಒಬ್ಬ ಪ್ರಾಧ್ಯಾಪಕರ ತರಗತಿಗೆ ಸೇರಿದವನಾಗುತ್ತಾನೆ. ವೇಳಾಪಟ್ಟಿಗಿಂತ ಸಂಭಾಷಣೆಗೆ ಅಲ್ಲಿ ಪ್ರಾಶಸ್ತ್ಯ. ತಾನು ಮಾಡಿದ್ದನ್ನು ತಂದು ಗೋಡೆಗೋ ಮೇಜಿಗೋ ಹರಡಬೇಕು. ಗುರುವೂ ಸಹಪಾಠಿಗಳೂ ಅದರ ಸುತ್ತ ನಿಂತು ಮಾತನಾಡುತ್ತಾರೆ. ಮಾತಿನ ನಡುವೆ ಪುಸ್ತಕಗಳು ಬರುತ್ತವೆ: ಪ್ಯಾರಿಸ್ಸಿನ ಬೀದಿಗಳನ್ನು ಚಿತ್ರಿಸಿದ ಅಟ್ಜೆ, ಜರ್ಮನಿಯ ರೈತರನ್ನೂ ವಕೀಲರನ್ನೂ ಬಾಣಸಿಗರನ್ನೂ ಸಮಾನ ಗೌರವದಿಂದ ಎದುರು ನಿಲ್ಲಿಸಿದ ಆಗಸ್ಟ್ ಜಾಂಡರ್, ಅಮೆರಿಕದ ವಾಕರ್ ಎವನ್ಸ್. ಮಾತು ಬೆಖರ್ ದಂಪತಿಗಳ ಮನೆಯಲ್ಲಿಯೂ ಮುಂದುವರಿಯುತ್ತಿತ್ತು.

ಈ ತರಗತಿಯ ಹೃದಯವೇನೆಂಬುದನ್ನು ತಿಳಿಸುವ ಒಂದು ಪ್ರಸಂಗವನ್ನು ಅದರ ವಿದ್ಯಾರ್ಥಿಯಾಗಿದ್ದ ಥಾಮಸ್ ರೂಫ್ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. 1958ರಲ್ಲಿ ಕಪ್ಪುಕಾಡಿನ ಸೀಮೆಯಲ್ಲಿ ಹುಟ್ಟಿದ ಈ ಹುಡುಗನು, ಪತ್ರಿಕೆಗಳಲ್ಲಿ ಕಾಣುವಂಥ ರಮಣೀಯ ಭೂದೃಶ್ಯಗಳೇ ಛಾಯಾಗ್ರಹಣದ ಪರಮಾವಧಿಯೆಂದು ತಿಳಿದು, ತಾನು ತೆಗೆದವುಗಳಲ್ಲಿ ಅತಿ ಚೆಲುವಾದ ಬಣ್ಣದ ಸ್ಲೈಡುಗಳನ್ನು ಆಯ್ದು ಅಕಾಡೆಮಿಗೆ ಅರ್ಜಿಯೊಡನೆ ಒಪ್ಪಿಸಿದನು. ಪ್ರವೇಶವೇನೋ ದೊರೆಯಿತು. ಆದರೆ ಬೆಖರ್ ಅವರು ಆ ಚಿತ್ರಗಳ ವಿಷಯದಲ್ಲಿ ಹೇಳಿದ ಮಾತಿನ ತಾತ್ಪರ್ಯ, ಅವು ಅವನ ಚಿತ್ರಗಳೇ ಅಲ್ಲ, ಎಲ್ಲೆಲ್ಲಿಯೋ ಕಂಡ ಚಿತ್ರಗಳ ಅನುಕರಣೆ ಎಂಬುದಾಗಿತ್ತು. ಶ್ರೋತೃಗಳೇ, ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಟ್ಟು ನೋಡಿ. ಹುಡುಗನ ಕೈಚಳಕದಲ್ಲಿ ದೋಷವಿರಲಿಲ್ಲ. ಸ್ಟುಡಿಯೋದ ಯಾವ ಯಜಮಾನನೂ ಅವನಿಗೆ ಶಹಬಾಸೆನ್ನುತ್ತಿದ್ದನು. ಕಾಡಿನ ಮುಂದೆ ನಿಂತಿದ್ದವನೂ ಗುಂಡಿಯನ್ನು ಒತ್ತಿದವನೂ ಅವನೇ. ಆದರೂ ಕಾಡನ್ನು ನೋಡಿದ ಕಣ್ಣು ಅವನದಾಗಿರಲಿಲ್ಲ. ಯಾರೋ ನೋಡಿಟ್ಟ ನೋಟವನ್ನು ಅವನು ಸಾಲ ತಂದಿದ್ದನು. ನಮ್ಮ ನೋಟದಲ್ಲಿ ಸಾಲದ ಪಾಲೆಷ್ಟು, ಸ್ವಂತದ ಪಾಲೆಷ್ಟು ಎಂಬುದನ್ನು ಒಬ್ಬಂಟಿಯಾಗಿ ಕುಳಿತು ತಿಳಿಯುವುದು ಅತ್ಯಂತ ಕಷ್ಟ. ಕ್ಯಾಮೆರಾ ಈ ವಿಷಯದಲ್ಲಿ ಕುಂಚಕ್ಕಿಂತ ಹೆಚ್ಚು ಅಪಾಯಕರವಾದದ್ದು: ಕುಂಚವನ್ನು ಹಿಡಿದವನ ಅಸಾಮರ್ಥ್ಯವು ಮೊದಲ ಗೆರೆಯಲ್ಲಿಯೇ ಬಯಲಾಗುತ್ತದೆ, ಕ್ಯಾಮೆರಾವು ಮೊದಲ ದಿನವೇ ಒಪ್ಪವಾದ ಚಿತ್ರವನ್ನು ಕೈಗಿತ್ತು, ಕಲಿಯಬೇಕಾದದ್ದು ಮುಗಿಯಿತೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಆ ಭ್ರಾಂತಿಯನ್ನು ಹರಿಯುವುದಕ್ಕೆ ವರ್ಷಗಳು ಬೇಕು, ಎದುರು ಮಾತಾಡುವ ಸಹಪಾಠಿಗಳು ಬೇಕು, ಮತ್ತು ತನ್ನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲ ಬಿಡದ ಒಬ್ಬ ಗುರು ಬೇಕು. ಛಾಯಾಗ್ರಹಣಕ್ಕೆ ಕಲಾಶಾಲೆ ಬೇಕೆಂದು ನಾನು ವಾದಿಸುವುದು ಈ ಒಂದು ಕಾರಣದಿಂದ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಪತ್ರಿಕೆಗಳಿಂದ ತಂದ ಸಾಲವನ್ನು ತೀರಿಸಿದ ವಿದ್ಯಾರ್ಥಿ, ಅದರ ಬದಲಿಗೆ ಗುರುವಿನಿಂದಲೇ ಸಾಲ ಮಾಡುವುದಿಲ್ಲವೆ? ಅಷ್ಟು ಬಿಗಿಯಾದ ನಿಯಮಗಳುಳ್ಳ ಗುರುವಿನ ನೆರಳಿನಲ್ಲಿ ಎಲ್ಲರೂ ಗೋಪುರಗಳನ್ನೇ ಎಣಿಸುತ್ತ ಕುಳಿತುಬಿಟ್ಟರೆ? ಮೊದಲ ವರ್ಷಗಳಲ್ಲಿ ಗುರುವಿನ ಮುದ್ರೆ ಢಾಳಾಗಿಯೇ ಇತ್ತು. ಟಾಟಾ ರಾಂಕ್‌ಹೋಲ್ಟ್ಸ್ ಎಂಬ ವಿದ್ಯಾರ್ಥಿನಿ ಬೀದಿ ಮೂಲೆಯ ಪಾನೀಯದಂಗಡಿಗಳನ್ನು ಗುರುವಿನ ಕ್ರಮದಲ್ಲಿಯೇ ಒಂದೊಂದಾಗಿ ಸಂಗ್ರಹಿಸಿದರು. ಆ ಅಂಗಡಿಗಳ ಕಿಟಕಿಗಳಲ್ಲಿ ತೂಗುವ ಪತ್ರಿಕೆಗಳನ್ನೂ ಜೋಡಿಸಿಟ್ಟ ಸೀಸೆಗಳನ್ನೂ ನೋಡುವಾಗ ನನಗೆ ಅದು ಬರಿಯ ಅನುಕರಣವೆಂದು ತೋರುವುದಿಲ್ಲವೆಂಬ ಮಾತು ಬೇರೆ. ಥಾಮಸ್ ಸ್ಟ್ರೂಟ್ ಬಂದದ್ದು ವರ್ಣಚಿತ್ರಕಾರ ಗೆರ್ಹಾರ್ಡ್ ರಿಖ್ಟರ್ ಅವರ ತರಗತಿಯಿಂದ. ಚಿತ್ರ ಬರೆಯಲು ಸಹಾಯವಾಗಲೆಂದು ಛಾಯಾಚಿತ್ರ ತೆಗೆಯುತ್ತಿದ್ದ ಅವರನ್ನು ಬೆಖರ್ ಅವರ ಕಡೆಗೆ ಕಳುಹಿಸಿದವರು ರಿಖ್ಟರ್ ಅವರೇ. 1976ರಲ್ಲಿ ಅಕಾಡೆಮಿಯ ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಸ್ಟ್ರೂಟ್ ಡ್ಯೂಸೆಲ್‌ಡಾರ್ಫಿನ ನಿರ್ಜನ ಬೀದಿಗಳ 49 ಚಿತ್ರಗಳನ್ನು, ಪ್ರತಿಯೊಂದರಲ್ಲಿಯೂ ನಡುರಸ್ತೆಯಲ್ಲಿ ನಿಂತು ನೇರವಾಗಿ ಮುಂದೆ ನೋಡಿದಂತೆ, ಚೌಕಳಿಯಾಗಿ ಜೋಡಿಸಿ ತೋರಿಸಿದರು. ಗುರುವಿಗೆ ಕಟ್ಟಡವು ಸುತ್ತಲಿನಿಂದ ಬೇರ್ಪಟ್ಟು ಒಂಟಿಯಾಗಿ ನಿಲ್ಲಬೇಕು. ಶಿಷ್ಯನಿಗೆ ಕಟ್ಟಡಗಳ ನಡುವಣ ಬಯಲೇ, ಯುದ್ಧದ ತರುವಾಯ ಅವಸರವಾಗಿ ಕಟ್ಟಿಕೊಂಡ ಊರಿನ ಮುಖವೇ ವಸ್ತು. ಕಾಂಡಿಡಾ ಹೋಫರ್ ಎಂಬ ಇನ್ನೊಬ್ಬ ವಿದ್ಯಾರ್ಥಿನಿ ಮನುಷ್ಯರಿಲ್ಲದಿರುವಿಕೆಯನ್ನು ಉಳಿಸಿಕೊಂಡು ಕ್ಯಾಮೆರಾವನ್ನು ಒಳಾಂಗಣಕ್ಕೆ ಕೊಂಡೊಯ್ದರು. ಅವರ ಗ್ರಂಥಾಲಯಗಳಲ್ಲಿ ಓದುಗರಿಲ್ಲ, ಆದರೆ ಓದುವುದಕ್ಕೆಂದು ಮನುಷ್ಯನು ಮಾಡಿಕೊಂಡ ಏರ್ಪಾಡು ಸಮಸ್ತವೂ ಕಣ್ಣೆದುರು ನಿಲ್ಲುತ್ತದೆ. ಗುರುವು ಎಂದೂ ಬಳಸದ ಬಣ್ಣವನ್ನು ತರಗತಿಯೊಳಗೆ ಮೊದಮೊದಲು ತಂದವರಲ್ಲಿ ಅವರೂ ರೂಫ್ ಅವರೂ ಸೇರಿದ್ದಾರೆ.

ರೂಫ್ ಅವರಂತೂ ಕಾಡುಬೆಟ್ಟಗಳನ್ನು ಬಿಟ್ಟು, ತಾವು ಬೆಳೆದ ಪರಿಸರದ ಮನೆಗಳ ಒಳಗನ್ನೇ, ಹೂವಿನ ಗೋಡೆಕಾಗದ, ಹಾಸಿಗೆ, ಕನ್ನಡಿಗಳನ್ನು, ಚಿತ್ರಿಸತೊಡಗಿದರು. ತರುವಾಯ ತಮ್ಮ ಮಿತ್ರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಪಾಸ್‌ಪೋರ್ಟಿನ ಚಿತ್ರಕ್ಕೆ ಕೂರುವಂತೆ ನಗುವಿಲ್ಲದ ನಿರ್ವಿಕಾರ ಮುಖಗಳನ್ನು ಸಮವಾದ ಬೆಳಕಿನಲ್ಲಿ ತೆಗೆದರು. ಅವುಗಳನ್ನು 210 ಸೆಂಟಿಮೀಟರು ಎತ್ತರಕ್ಕೆ ಹಿಗ್ಗಿಸಿದಾಗ, ಚರ್ಮದ ಒಂದೊಂದು ರಂಧ್ರವೂ ಕಾಣುವ ಆ ಮುಖದಲ್ಲಿ ವ್ಯಕ್ತಿಯ ಅಂತರಂಗ ಮಾತ್ರ ಎಷ್ಟು ನೋಡಿದರೂ ಕೈಗೆ ಸಿಗುವುದಿಲ್ಲ. ಇಷ್ಟು ದೊಡ್ಡ ಗಾತ್ರದ ಯೋಚನೆ ಛಾಯಾಗ್ರಾಹಕರ ಸಂಘದಲ್ಲಿ ಬೆಳೆದವನಿಗೆ ಸುಲಭವಾಗಿ ಹೊಳೆಯತಕ್ಕದ್ದಲ್ಲ. ಪಕ್ಕದ ಕೋಣೆಯಲ್ಲಿ ಆಳೆತ್ತರದ ಕ್ಯಾನ್ವಾಸಿನ ಮುಂದೆ ವರ್ಣಚಿತ್ರಕಾರನೂ, ಆಚೆಯ ಕೋಣೆಯಲ್ಲಿ ಶಿಲ್ಪಿಯೂ ದುಡಿಯುತ್ತಿರುವಲ್ಲಿ, ಚಿತ್ರವು ಗೋಡೆಯ ಮೇಲೆ ಹೇಗೆ ನಿಲ್ಲಬೇಕು, ನೋಡುವವನ ದೇಹಕ್ಕೂ ಅದಕ್ಕೂ ಎಷ್ಟು ಅಂತರವಿರಬೇಕು ಎಂಬ ಪ್ರಶ್ನೆಗಳು ಛಾಯಾಚಿತ್ರದ ವಿದ್ಯಾರ್ಥಿಯನ್ನೂ ತಟ್ಟುತ್ತವೆ. ಪ್ರತಿವರ್ಷ ಚಳಿಗಾಲದ ಕೊನೆಗೆ ಅಕಾಡೆಮಿಯ ಬಾಗಿಲುಗಳನ್ನೆಲ್ಲ ತೆರೆದು ಊರ ಜನರನ್ನು ಒಳಗೆ ಬಿಡುವ ವಾಡಿಕೆಯುಂಟು. ಗುರುವಿನ ಎದುರು ಸಮರ್ಥಿಸಿಕೊಂಡ ಚಿತ್ರವು ಆ ದಿನಗಳಲ್ಲಿ ಅಪರಿಚಿತರ ಎದುರಿನಲ್ಲಿ ತನ್ನಷ್ಟಕ್ಕೆ ತಾನೇ ನಿಲ್ಲಬೇಕಾಗುತ್ತದೆ.

ಹಿಲ್ಲಾ ಬೆಖರ್ ಅವರ ವಿಷಯವನ್ನು ಹೇಳದೆ ಮುಂದೆ ಹೋದರೆ ಅಪಚಾರವಾದೀತು. ಪ್ರಾಧ್ಯಾಪಕರ ಸ್ಥಾನಕ್ಕೆ ನೇಮಕವಾದದ್ದು ಬೆರ್ನ್ಡ್ ಒಬ್ಬರದೇ. ಚಿತ್ರಗಳ ಕೆಳಗೆ ಇಬ್ಬರ ಹೆಸರೂ ಇತ್ತು. ಯಾವ ಚಿತ್ರವನ್ನು ಯಾರು ತೆಗೆದರೆಂದು ಅವರು ಎಂದೂ ಬೇರೆ ಮಾಡಿ ತೋರಿಸಲಿಲ್ಲ. ಪಾಠವೂ ಇಬ್ಬರಿಂದಲೇ ನಡೆಯಿತೆಂದು ಶಿಷ್ಯರು ಹೇಳುತ್ತಾರೆ. ಆದರೂ ಅಕಾಡೆಮಿಯ ದಫ್ತರಿನಲ್ಲಿ ಆಕೆ ಉಪಾಧ್ಯಾಯಿನಿಯಲ್ಲ. ಇಪ್ಪತ್ತು ವರ್ಷಗಳ ಕಾಲ ಈ ಸ್ಥಿತಿ ಹಾಗೆಯೇ ನಡೆದುಬಂದದ್ದು ಅನ್ಯಾಯವೆಂದೇ ನಾನು ಎಣಿಸುತ್ತೇನೆ. ಆ ತರಗತಿಯನ್ನು ಲೋಕವೆಲ್ಲ ‘ಬೆಖರ್ ಶಾಲೆ’ ಎಂದು ಕರೆಯುವಾಗ, ಆ ಮನೆತನದ ಹೆಸರಿನಲ್ಲಿ ಇಬ್ಬರೂ ಸೇರಿದ್ದಾರೆಂಬುದೊಂದೇ ನನಗೆ ಸಮಾಧಾನ.

ಆಂಡ್ರಿಯಾಸ್ ಗುರ್ಸ್ಕಿ ಅವರ ಮಾತು ಬಂದಾಗ ಜನರು ಮೊದಲು ಹೇಳುವುದು ಹಣದ ಲೆಕ್ಕ. ಜಾಹೀರಾತು ಛಾಯಾಗ್ರಾಹಕನ ಮಗನಾಗಿ ಬೆಳೆದು, ಎಸ್ಸೆನ್ನಿನ ಫೋಕ್‌ವಾಂಗ್ ಶಾಲೆಯಲ್ಲಿ ಓದಿ, ಆಮೇಲೆ ಬೆಖರ್ ಅವರ ತರಗತಿಗೆ ಬಂದ ಇವರ ‘ರೈನ್ ಎರಡು’ ಎಂಬ 1999ರ ಚಿತ್ರವು 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 43 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಈ ಬೆಲೆಯನ್ನು ಕಂಡು ಕಲಾಶಾಲೆಗೆ ಧಾವಿಸುವವರಿಗೆ ನಾನು ಹೇಳುವ ಮಾತೇನೂ ಇಲ್ಲ. ನನ್ನ ಮನಸ್ಸನ್ನು ಹಿಡಿದಿರುವುದು ಚಿತ್ರ. ಹಸುರು ಹುಲ್ಲಿನ ಪಟ್ಟಿ, ಬೂದುಬಣ್ಣದ ನದಿಯ ಪಟ್ಟಿ, ಮತ್ತೆ ಹಸುರು, ಅದರ ಮೇಲೆ ಮೋಡ ಕವಿದ ಆಕಾಶ, ಇಷ್ಟೇ. ಅದೇ ಡ್ಯೂಸೆಲ್‌ಡಾರ್ಫಿನ ನದಿ, ಗುರುಗಳು ಕಾಯುತ್ತಿದ್ದಂಥದೇ ಮೋಡದ ಬೆಳಕು. ಆದರೆ ಆಚೆಯ ದಡದಲ್ಲಿದ್ದ ಕಟ್ಟಡಗಳನ್ನೂ ದಾರಿಹೋಕರನ್ನೂ ಗುರ್ಸ್ಕಿ ಕಂಪ್ಯೂಟರಿನಲ್ಲಿ ಅಳಿಸಿಹಾಕಿದ್ದಾರೆ! ಕೈಗಾರಿಕೆಯ ಕಟ್ಟಡ ಅಳಿದುಹೋಗುವ ಮೊದಲೇ ಅದನ್ನು ಚಿತ್ರದಲ್ಲಿ ಉಳಿಸಬೇಕೆಂದು ಜೀವನವನ್ನೇ ತೆತ್ತ ದಂಪತಿಗಳ ಶಿಷ್ಯನು, ಇದ್ದ ಕಟ್ಟಡವನ್ನೇ ಚಿತ್ರದಿಂದ ಅಳಿಸಿದನು. ಇದನ್ನು ಗುರುದ್ರೋಹವೆಂದು ಕರೆಯುವವರನ್ನು ನಾನು ಬಲ್ಲೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಚೌಕಟ್ಟಿನಲ್ಲಿ ಇರತಕ್ಕದ್ದೇನು, ಇರತಕ್ಕದ್ದಲ್ಲದ್ದೇನು ಎಂಬ ನಿರ್ಣಯವನ್ನು ಎಳ್ಳಷ್ಟೂ ಉದಾಸೀನವಿಲ್ಲದೆ ಮಾಡುವುದನ್ನೇ ಆ ಮನೆಯಲ್ಲಿ ಕಲಿಸುತ್ತಿದ್ದರು. ಗುರುವು ನಿಲ್ಲುವ ಸ್ಥಾನವನ್ನು ಆಯ್ದು ಬೇಡದ್ದನ್ನು ಹೊರಗಿಟ್ಟರು, ಶಿಷ್ಯನು ಬೇರೆಯ ಸಾಧನದಿಂದ ಹೊರಗಿಟ್ಟನು.

ರೂಫ್ ಅವರ ಕಥೆಯಲ್ಲಿ ಇದಕ್ಕಿಂತ ಸೋಜಿಗದ ಭಾಗವೊಂದಿದೆ. ಹುಡುಗನಾಗಿದ್ದಾಗ ಅವರಿಗೆ ಖಗೋಳಶಾಸ್ತ್ರದ ಹುಚ್ಚು ಛಾಯಾಗ್ರಹಣದಷ್ಟೇ ಪ್ರಬಲವಾಗಿತ್ತು. 1989ರಲ್ಲಿ ನಕ್ಷತ್ರಗಳ ಚಿತ್ರಮಾಲೆಯೊಂದನ್ನು ಕೈಗೆತ್ತಿಕೊಂಡಾಗ, ತಮ್ಮ ಕ್ಯಾಮೆರಾ ಆ ಕೆಲಸಕ್ಕೆ ಸಾಲದೆಂದು ಕಂಡುಕೊಂಡು, ಚಿಲಿ ದೇಶದ ಬೆಟ್ಟದ ಮೇಲಿರುವ ಐರೋಪ್ಯ ವೀಕ್ಷಣಾಲಯದ ದೂರದರ್ಶಕದಿಂದ ವಿಜ್ಞಾನಿಗಳು ತೆಗೆದ ದಕ್ಷಿಣಾಕಾಶದ ನೆಗೆಟಿವ್‌ಗಳ ಪ್ರತಿಗಳನ್ನು ಪಡೆದುಕೊಂಡರು. ಅವುಗಳಿಂದ ಬೇಕಾದ ಭಾಗಗಳನ್ನು ಆಯ್ದು ಮನುಷ್ಯನಿಗಿಂತ ಎತ್ತರವಾಗಿ ಹಿಗ್ಗಿಸಿದರು. ಅಲ್ಲಿ ಗುಂಡಿಯನ್ನು ಒತ್ತಿದ ಕೈ ಅವರದಲ್ಲ. ಆದರೆ ಆ ಚಿತ್ರಗಳ ಮುಂದೆ ನಿಂತವರಾರೂ ಅವು ರೂಫ್ ಅವರ ಚಿತ್ರಗಳೆಂಬುದನ್ನು ಸಂಶಯಿಸಲಾರರು. ಸ್ವತಃ ತೆಗೆದ ಕಾಡಿನ ಸ್ಲೈಡುಗಳ ವಿಷಯದಲ್ಲಿ ಹೇಳಲಾಗದಿದ್ದ ಮಾತನ್ನು ಇವುಗಳ ವಿಷಯದಲ್ಲಿ ಧೈರ್ಯವಾಗಿ ಹೇಳಬಹುದು. 2000ದಲ್ಲಿ ಅಕಾಡೆಮಿಯು ತನ್ನ ಛಾಯಾಚಿತ್ರದ ತರಗತಿಗೆ ಪ್ರಾಧ್ಯಾಪಕರಾಗಿ ಬರಬೇಕೆಂದು ರೂಫ್ ಅವರನ್ನೇ ಕರೆಯಿತು. 2006ರ ವರೆಗೆ ಅವರು ಅಲ್ಲಿ ಬೋಧಿಸಿದರು.